ನೋಡಿದವರು ಯಾರು?



ಮಂಗಳ ಗ್ರಹದ ಕಲ್ಲುಗಳು ನಮ್ಮ ಭೂಮಿಗೆ ಬಂದು ಬಿದ್ದಿವೆ ಅಂದ್ರೆ ತುಂಬಾ ಜನ ನಗ್ತಾರೆ. "ಅಲ್ಲಿಂದಲೇ ಬಂತು ಅಂತ ನೋಡಿದವರು ಯಾರು?" ಅಂತ ಕೇಳ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಕಣ್ಣಿಂದ ನೋಡಿದ್ದು ಮಾತ್ರ ಸಾಕ್ಷಿ ಅನ್ನೋದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಒಂದು ಉಲ್ಕಾಶಿಲೆ ಬಿತ್ತು. ಬಿದ್ದದ್ದನ್ನು ಜನ ನೋಡಿದ್ರು. ಆದರೂ ಅದು ಎಲ್ಲಿಂದ ಬಂತು ಅಂತ ನೂರು ವರ್ಷ ಕಳೆದರೂ ಗೊತ್ತಾಗಲಿಲ್ಲ. 1979-80ರಲ್ಲಿ ಅಂಟಾರ್ಕ್ಟಿಕಾದ ಹಿಮದ ಮೇಲೆ ಇನ್ನೊಂದು ಕಲ್ಲು ಸಿಕ್ಕಿತು. ಅದು ಬಿದ್ದದ್ದನ್ನು ಒಬ್ಬರೂ ನೋಡಿಲ್ಲ. ಗುಟ್ಟು ಹೇಳಿದ್ದು ಮಾತ್ರ ಅದೇ!

ಹೇಗೆ ಗೊತ್ತಾ? ಮಂಗಳಕ್ಕೆ ಯಾವುದೋ ದೊಡ್ಡ ಬಂಡೆ ಬಡಿದಾಗ ಅಲ್ಲಿನ ಕಲ್ಲು ಅಲ್ಲಲ್ಲಿ ಕರಗಿ ಗಾಜಿನಂತಾಯಿತು. ಆ ಗಾಜಿನೊಳಗೆ ಅಲ್ಲಿಯ ಗಾಳಿ ಸಿಕ್ಕಿಕೊಂಡಿತು. ಅದರಲ್ಲಿ ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಜಡ ಅನಿಲಗಳಿದ್ದವು. ಇವು ಸುಲಭವಾಗಿ ಯಾವುದರ ಜೊತೆಗೂ ಕೂಡುವುದಿಲ್ಲ. ಅದಕ್ಕೇ ಲಕ್ಷಾಂತರ ವರ್ಷ ಹಾಗೇ ಉಳಿದವು. ಹೆಸರು ಜಡ, ಆದರೆ ಇಂಥ ಸಾಕ್ಷಿ ಸಿಗೋದು ಕಷ್ಟ. ಯಾರ ಜೊತೆಗೂ ಸೇರದವರು ಮಾತು ಬದಲಿಸೋದಿಲ್ಲ ಅಲ್ವಾ?

ಆರ್ಗಾನ್‌ನಲ್ಲಿ ತೂಕ ಬೇರೆ ಬೇರೆ ಇರುವ ಬಗೆಗಳಿವೆ. ನಮ್ಮ ಗಾಳಿಯಲ್ಲಿ ಒಂದು ಆರ್ಗಾನ್-36 ಪರಮಾಣುವಿಗೆ ಸುಮಾರು 300 ಆರ್ಗಾನ್-40 ಪರಮಾಣುಗಳಿವೆ. ಮಂಗಳದಲ್ಲಿ ಇದು ಹಲವು ಪಟ್ಟು ಹೆಚ್ಚು. 1976ರಲ್ಲಿ ಅಲ್ಲಿ ಇಳಿದ ಅಮೆರಿಕದ ವೈಕಿಂಗ್ ನೌಕೆಗಳು ಗಾಳಿಯನ್ನು ಅಳೆದಿದ್ದವು. 1983ರಲ್ಲಿ ಬೊಗಾರ್ಡ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕಾ ಕಲ್ಲಿನ ಗಾಜಿನೊಳಗಿನ ಅನಿಲ ಅಳೆದರು. ಎರಡಕ್ಕೂ ತಾಳೆಯಾಯಿತು! ಶೇರ್‌ಘಾಟಿಯ ಕಲ್ಲೂ ಅದೇ ಜಾತಿಯದು. ಹೀಗಾಗಿ ಅದರ ಊರೂ ಗೊತ್ತಾಯ್ತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಆ ವಿಜ್ಞಾನಿಗಳು ತಮ್ಮ ಲೇಖನದ ತಲೆಬರಹದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕಂಡುಹಿಡಿದೆವು ಅಂತ ಕೂಗಲಿಲ್ಲ. 30 ವರ್ಷದ ಮೇಲೆ, 2013ರಲ್ಲಿ, ಕ್ಯೂರಿಯಾಸಿಟಿ ಎಂಬ ಯಂತ್ರ ಮಂಗಳದ ನೆಲದ ಮೇಲೇ ನಿಂತು ಆರ್ಗಾನನ್ನು ಮತ್ತೆ ಅಳೆಯಿತು. ಕಲ್ಲುಗಳು ಅಲ್ಲಿಯವೇ ಅನ್ನೋದು ಇನ್ನೂ ಗಟ್ಟಿಯಾಯಿತು.

ಆದ್ದರಿಂದ ನಾನು ಹೇಳೋದಿಷ್ಟು. "ನೋಡಿದವರು ಯಾರು?" ಅಂತ ಕೇಳಿ ನಕ್ಕು ಹೋಗಬೇಡಿ. "ಅಳೆದವರು ಯಾರು? ಹೇಗೆ ಅಳೆದರು?" ಅಂತಲೂ ಕೇಳಿ. ಉತ್ತರ ಕೇಳೋವರೆಗೆ ನಿಲ್ಲಿ. ನೀವೇನಂತೀರಿ? ಒಪ್ಪದಿದ್ದವರು ಮುಂದಿನ ಸಂಚಿಕೆಗೆ ಬರೆದು ಕೊಡಿ.

– ಒಬ್ಬ ವಿದ್ಯಾರ್ಥಿನಿ, 7ನೇ ತರಗತಿ