ಸಮ್ಮೇಳನದಲ್ಲಿ ಯಾರು ಇರಲಿಲ್ಲ?

ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನಗಳು ನಮಗೀಗ ಹೊಸತಲ್ಲ. ಬೆಂಗಳೂರಿನ ಹಲವು ಖಾಸಗಿ ಹಾಗೂ ಸ್ವಾಯತ್ತ ಕಾಲೇಜುಗಳಲ್ಲಿ ಅವು ವಾರ್ಷಿಕೋತ್ಸವದಷ್ಟೇ ಕ್ರಮವಾಗಿ ನಡೆಯುತ್ತವೆ. ಎಷ್ಟು ಪ್ರಬಂಧಗಳು ಮಂಡನೆಯಾದವು, ಯಾರಿಗೆ ಬಹುಮಾನ ಬಂತು ಎಂಬ ವರದಿಗಳೂ ಬರುತ್ತವೆ. ಅಂಥ ಕೆಲವು ಗೋಷ್ಠಿಗಳಲ್ಲಿ ಕುಳಿತು ಆಲಿಸಿರುವ ನನಗೆ, ಅಲ್ಲಿ ಯಾರು ಇರಲಿಲ್ಲ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ ಎನಿಸುತ್ತದೆ.

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರನ್ನೇ ನೋಡೋಣ. ಈ ಹೋಬಳಿ ಕೇಂದ್ರ ಹಲಸಿನ ಮಾರುಕಟ್ಟೆಗೆ ಹೆಸರಾದದ್ದು. ಇಲ್ಲಿನ ರೈತರೊಬ್ಬರ ಜಮೀನಿನಲ್ಲಿದ್ದ ಮರದ ಕೆಂಪು ತೊಳೆಯ ಹಣ್ಣನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ಮರ ನೆಟ್ಟ ಸಿದ್ದಪ್ಪನವರ ನೆನಪಿಗೆ ಅದು ‘ಸಿದ್ದು’ ತಳಿಯಾಯಿತು. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಕಸಿ ಗಿಡಗಳ ಆದಾಯದಲ್ಲಿ ಕುಟುಂಬಕ್ಕೂ ಪಾಲು ಸಲ್ಲುವಂತೆ ಒಪ್ಪಂದ ಮಾಡಿಕೊಂಡಿತು. ಬೀಜದಿಂದ ಹುಟ್ಟಿದ ಹಲಸಿನ ಮರಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಯಾವ ಮರ ಯಾವಾಗ ಹಣ್ಣಾಗುತ್ತದೆ, ತೊಳೆಯ ಬಣ್ಣ ಯಾವುದು, ಸಂತೆಯಲ್ಲಿ ಅದಕ್ಕೆ ಸಿಗುವ ಬೆಲೆಯೆಷ್ಟು ಎಂದು ದಾಖಲಿಸಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಒಂದು ನೋಟ್‌ಬುಕ್ಕು, ಎರಡು ಹಂಗಾಮುಗಳ ತಾಳ್ಮೆ ಸಾಕು. ಬಸ್ಸು ಹಿಡಿದು ಗುಬ್ಬಿಗೋ ತುಮಕೂರಿಗೋ ಹೋಗಿ ಬಿ.ಎಸ್ಸಿ. ಓದುವ ಇಲ್ಲಿನ ರೈತರ ಮಗಳಿಗಿಂತ ಈ ಕೆಲಸಕ್ಕೆ ತಕ್ಕವರು ಯಾರು?

ಆದರೆ ಆಕೆಗೂ ಸಮ್ಮೇಳನಕ್ಕೂ ನಡುವೆ ಮೂರು ಅಡ್ಡಗೋಡೆಗಳಿವೆ. ಮೊದಲನೆಯದು ಹಣ. ನೋಂದಣಿ ಶುಲ್ಕ, ಪ್ರಯಾಣ, ಪೋಸ್ಟರ್ ಮುದ್ರಣ, ಒಂದು ರಾತ್ರಿಯ ವಸತಿ ಎಲ್ಲ ಸೇರಿದರೆ ಸಾಧಾರಣ ಕುಟುಂಬಕ್ಕೆ ಅದು ಹೊರೆಯೇ. ಎರಡನೆಯದು ಭಾಷೆ. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಬಲ್ಲವಳು ಇಂಗ್ಲಿಷಿನ ಸಾರಾಂಶ ಬರೆಯುವಲ್ಲಿಯೇ ಸೋಲುತ್ತಾಳೆ. ಮೂರನೆಯದು, ಎಲ್ಲಕ್ಕಿಂತ ಎತ್ತರದ್ದು, ಮಾರ್ಗದರ್ಶಕರ ಕೊರತೆ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಭಾಗವನ್ನು ಹೊತ್ತವರು ಅತಿಥಿ ಉಪನ್ಯಾಸಕರು. 2024ರ ಜನವರಿಯಲ್ಲಿ ಅವರು ಸೇವಾ ಭದ್ರತೆಗಾಗಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟದ್ದನ್ನು ಮರೆಯುವಂತಿಲ್ಲ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ತಿಳಿಯದ ಅಧ್ಯಾಪಕ, ಎರಡು ಹಂಗಾಮುಗಳ ಅಧ್ಯಯನಕ್ಕೆ ಹೇಗೆ ಕೈಹಾಕಿಯಾನು?

ನೀತಿಯ ತೂಗುಯ್ಯಾಲೆ ಬೇರೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ರಾಜ್ಯಕ್ಕೆ ನಾಲ್ಕು ವರ್ಷಗಳ ಆನರ್ಸ್ ಪದವಿ ಬಂತು. ಸಂಶೋಧನೆಗೆ ಕೊನೆಯ ವರ್ಷ ಮೀಸಲೆಂದರು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಬಡವರ ಮಕ್ಕಳಿಗೆ ಇನ್ನೊಂದು ವರ್ಷದ ಖರ್ಚು ಹೇರಬಾರದೆಂಬ ವಾದದಲ್ಲಿ ನ್ಯಾಯವಿದೆ. ಆದರೆ ಆ ವರ್ಷದೊಂದಿಗೆ ಸಂಶೋಧನೆಯ ಅವಕಾಶವೂ ಹೋಗಬೇಕಿಲ್ಲ.

ಇಂಥ ಸಮ್ಮೇಳನಗಳು ಪ್ರಮಾಣಪತ್ರ ಹಂಚುವ ಜಾತ್ರೆಗಳು, ಹಳ್ಳಿಯ ಮಕ್ಕಳು ಅಲ್ಲಿಗೆ ಹೋಗದಿದ್ದರೆ ನಷ್ಟವೇನು ಎನ್ನುವವರಿದ್ದಾರೆ. ಜಾತ್ರೆಗಳಿರುವುದು ನಿಜ. ಆದರೆ ಒಳ್ಳೆಯ ಗೋಷ್ಠಿಯಲ್ಲಿ ಅಪರಿಚಿತರೊಬ್ಬರು ಎದ್ದು ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳುತ್ತಾರೆ. ಪದವಿಯ ಮೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಒಮ್ಮೆಯೂ ಎದುರಿಸದವರು ನಮ್ಮಲ್ಲಿ ಎಷ್ಟೋ ಮಂದಿ.

ದಾರಿಗಳು ಇಲ್ಲದಿಲ್ಲ. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಶೋಧನಾ ಸಮ್ಮೇಳನ 1987ರಲ್ಲಿ ಆರಂಭವಾಯಿತು. ಅದೇ ದಶಕದಲ್ಲಿ, ಚಾಲೆಂಜರ್ ದುರಂತದಲ್ಲಿ ಮಡಿದ ಗಗನಯಾತ್ರಿ ರೊನಾಲ್ಡ್ ಮೆಕ್‌ನೇರ್ ಹೆಸರಿನಲ್ಲಿ, ಕುಟುಂಬದಲ್ಲೇ ಮೊದಲಿಗರಾಗಿ ಕಾಲೇಜು ಮೆಟ್ಟಿಲೇರಿದ ಬಡ ವಿದ್ಯಾರ್ಥಿಗಳಿಗೆ ಸಂಶೋಧನಾ ನೆರವಿನ ಯೋಜನೆಯೂ ರೂಪುಗೊಂಡಿತು. ವೇದಿಕೆ ಕಟ್ಟಿದರೆ ಸಾಲದು, ಮೆಟ್ಟಿಲೂ ಕಟ್ಟಬೇಕೆಂಬ ಅರಿವು ಅದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಧನಸಹಾಯ ನೀಡಿ, ಉತ್ತಮವಾದವನ್ನು ಪ್ರದರ್ಶನಕ್ಕೆ ಕರೆಯುತ್ತ ಬಂದಿದೆ. ಅದೇ ಮಾದರಿಯನ್ನು ಸರ್ಕಾರಿ ಕಾಲೇಜುಗಳ ಬಿ.ಎ., ಬಿ.ಎಸ್ಸಿ., ಬಿ.ಕಾಂ. ತರಗತಿಗಳಿಗೂ ವಿಸ್ತರಿಸಲು ಯಾವ ಅಡ್ಡಿಯಿದೆ?

ನಾನು ಕೇಳುವುದು ಇಷ್ಟೇ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ, ಶುಲ್ಕವಿಲ್ಲದೆ, ಕನ್ನಡದಲ್ಲೂ ಮಂಡಿಸಬಹುದಾದ ಜಿಲ್ಲಾ ಸಮ್ಮೇಳನ ನಡೆಸಲಿ. ಬಸ್ಸಿನ ಖರ್ಚು ಕೊಡಲಿ. ಮಾರ್ಗದರ್ಶನದ ಗಂಟೆಗಳನ್ನು ಬೋಧನಾ ಅವಧಿಗೆ ಸೇರಿಸಲಿ, ಅತಿಥಿ ಉಪನ್ಯಾಸಕರಿಗೂ. ಬೆಂಗಳೂರಿನ ಸಂಘಟಕರು ಬಹುಮಾನಿತರ ಪಟ್ಟಿಯ ಜೊತೆಗೆ, ಭಾಗವಹಿಸಿದವರು ಯಾವ ತಾಲ್ಲೂಕು, ಯಾವ ಬಗೆಯ ಕಾಲೇಜಿನವರು ಎಂಬುದನ್ನೂ ಪ್ರಕಟಿಸಲಿ.

ಇದು ಹಳ್ಳಿಯ ಮಕ್ಕಳಿಗೆ ತೋರುವ ಕರುಣೆಯಲ್ಲ. ಅವರು ಬಾರದಿದ್ದರೆ ಅವರ ಪ್ರಶ್ನೆಗಳೂ ಬರುವುದಿಲ್ಲ. ಕೊಳವೆಬಾವಿಯ ಫ್ಲೋರೈಡ್, ಬತ್ತಿದ ಕೆರೆ, ಸಂತೆಯಲ್ಲಿ ಕುಸಿಯುವ ಹಲಸಿನ ಬೆಲೆ ಇವೆಲ್ಲ ಅವರ ಮನೆಯಂಗಳದ ವಿಷಯಗಳು. ಅವನ್ನು ಬಲ್ಲವರು ಹೊರಗುಳಿದಷ್ಟು ಕಾಲ ನಷ್ಟ ನಮ್ಮ ಜ್ಞಾನಕ್ಕೇ.