ಕಲ್ಲುಗಣಿಯ ಗೋಡೆಯೂ 'ಆಕಸ್ಮಿಕ'ವೆಂಬ ಮಾತೂ

2022ನೆಯ ಇಸವಿ ಮಾರ್ಚಿ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಗುಡ್ಡ ಕುಸಿದು ಕೂಲಿಕಾರರು ಬಂಡೆಗಳಡಿಯಲ್ಲಿ ಪ್ರಾಣಬಿಟ್ಟರು. ಅದೇ ವರ್ಷ ಮೇ 14ರ ರಾತ್ರಿ ತಿರುನೆಲ್ವೇಲಿ ಜಿಲ್ಲೆಯಲ್ಲಿ ಸುಮಾರು 300 ಅಡಿ ಆಳದ ಒಂದು ಗಣಿಯ ಗೋಡೆ ಜಾರಿ ಆರು ಮಂದಿ ಸಿಕ್ಕಿಬಿದ್ದರು, ನಾಲ್ವರು ಮಡಿದರು. ಮೇಲಿನಿಂದ ಕಲ್ಲುಗಳು ಇನ್ನೂ ಉರುಳುತ್ತಿದ್ದುದರಿಂದ ರಕ್ಷಣಾಕಾರ್ಯಕ್ಕೂ ತಡೆಯುಂಟಾಯಿತು. ಇಂಥ ವರ್ತಮಾನ ಬಂದಾಗಲೆಲ್ಲ ಅದರ ಬೆನ್ನ ಹಿಂದೆಯೇ 'ಆಕಸ್ಮಿಕ'ವೆಂಬ ಪದವೂ ಬರುವುದು ವಾಡಿಕೆಯಾಗಿದೆ. ಈ ಪದವನ್ನು ನಾವು ಒಪ್ಪಲಾರೆವು.

ಬಂಡೆಯೆಂಬುದು ಹೊರಗಿನ ಕಣ್ಣಿಗೆ ಅಖಂಡ. ವಸ್ತುತಃ ಅದು ಸಂದುಗಳಿಂದ ಸೀಳಿದ ತುಂಡುಗಳ ರಾಶಿ. (ನಮಗೆ ಪಾಠಶಾಲೆಯಲ್ಲಿ ಅಮರದಿಂದ ಕಲ್ಲಿನ ಏಳು ಹೆಸರುಗಳನ್ನು ಬಾಯಿಪಾಠ ಮಾಡಿಸಿದರು, ಕಲ್ಲಿಗೆ ಸಂದುಗಳಿವೆಯೆಂದು ಯಾರೂ ಹೇಳಲಿಲ್ಲ.) ಗೋಡೆ ನಿಲ್ಲುವುದೂ ಬೀಳುವುದೂ ಕಲ್ಲಿನ ಗಟ್ಟಿತನಕ್ಕಿಂತ ಹೆಚ್ಚಾಗಿ ಈ ಸಂದುಗಳನ್ನೇ ಅವಲಂಬಿಸಿವೆ. ಸಂದು ಗಣಿಯ ಕಡೆಗೆ ಇಳಿಜಾರಾಗಿದ್ದು, ಅದರ ಓರೆ ಗೋಡೆಯ ಓರೆಗಿಂತ ಕಡಮೆಯಿದ್ದು, ಘರ್ಷಣೆ ತಡೆಯಬಲ್ಲ ಕೋನಕ್ಕಿಂತ ಹೆಚ್ಚಿದ್ದರೆ, ಮೇಲಿನ ಬಂಡೆಗೆ ಕೆಳಗೆ ಆಧಾರವೇ ಉಳಿಯುವುದಿಲ್ಲ. ಒಣಗಿದ ಸಮತಟ್ಟು ಸಂದಿನಲ್ಲಿ ಆ ಕೋನ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸು. ನಡುವೆ ಜೇಡಿ ತುಂಬಿಕೊಂಡಿದ್ದರೆ ಇನ್ನೂ ಬಹಳ ಕಡಮೆ. ಎರಡು ಸಂದುಗಳು ಕೂಡುವಲ್ಲಿ ಬಂಡೆ ಹಲಸಿನ ಹೋಳಿನಂತೆ ಜಾರಿಬರುತ್ತದೆ. ನೆಟ್ಟಗೆ ನಿಂತ ಸಂದುಗಳಿದ್ದರೆ, ಕಪಾಟಿನ ಪುಸ್ತಕಗಳಂತೆ ಚಪ್ಪಡಿಗಳು ಮುಂದಕ್ಕೆ ಮಗುಚುತ್ತವೆ. ಮಳೆಗಾಲದಲ್ಲಿ ನೀರೂ ಸೇರುತ್ತದೆ: 10 ಮೀಟರು ಆಳದ ಬಿರುಕು ತುಂಬಿದರೆ ಅದರ ಬುಡದಲ್ಲಿ ಪ್ರತಿ ಚದರ ಮೀಟರಿಗೆ 10 ಟನ್ನು ಒತ್ತಡ. ಸಾಲದುದಕ್ಕೆ, ಕಡೆಯ ಸಾಲಿನ ಕುಳಿಗಳಿಗೆ ಅತಿಯಾಗಿ ಮದ್ದು ತುಂಬಿ ಸಿಡಿಸಿದರೆ, ಉಳಿಯಬೇಕಾದ ಗೋಡೆಯ ಸಂದುಗಳೂ ಬಾಯಿಬಿಡುತ್ತವೆ.

ಇದನ್ನೆಲ್ಲ ಅಳೆಯುವುದು ಅಸಾಧ್ಯವೇನಲ್ಲ. ದಿಕ್ಸೂಚಿಯೊಂದನ್ನೂ ಓರೆಮಾಪಕವೊಂದನ್ನೂ ಹಿಡಿದು ಪ್ರತಿ ಸಂದಿನ ದಿಕ್ಕು, ಓರೆ, ಅಂತರಗಳನ್ನು ಬರೆದುಕೊಂಡು ಗೋಡೆಯ ದಿಕ್ಕಿನೊಡನೆ ಹೋಲಿಸಿದರೆ, ಯಾವ ಮುಖ ಜಾರೀತು, ಯಾವುದು ನಿಂತೀತು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಹಾರೆಯ ತುದಿಯಿಂದ ತಟ್ಟಿ, ಟೊಳ್ಳು ಸದ್ದು ಕೇಳಿದೊಡನೆ ಹಿಂದೆ ಸರಿಯುವ ಮುದಿ ಕಲ್ಲುಕುಟಿಗನೂ ಈ ವಿದ್ಯೆಯ ಅರ್ಧವನ್ನು ಬಲ್ಲ. ಅವನ ಮಾತಿಗೆ ಮೇಸ್ತ್ರಿ ಕಿವಿಗೊಡುವನೇ ಎಂಬುದು ಬೇರೆ ಪ್ರಶ್ನೆ. ಗೋಡೆಯ ನೆತ್ತಿಯ ಹಿಂದೆ ಬಿರುಕು ಮೂಡಿದರೆ, ಅದರ ಎರಡು ದಡಗಳಲ್ಲಿ ಗೂಟ ನೆಟ್ಟು ದಿನವೂ ಅಂತರವನ್ನು ಅಳೆದರೆ ಸಾಕು, ಚಲನೆ ತಿಳಿಯುತ್ತದೆ. ಅಮೆರಿಕದ ಯೂಟಾ ಸಂಸ್ಥಾನದ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯಲ್ಲಿ 2013ನೆಯ ಏಪ್ರಿಲ್ 10ರಂದು ಸುಮಾರು 6½ ಕೋಟಿ ಘನಮೀಟರು ಬಂಡೆ ಜಾರಿತು. ಭಾರಿ ಲಾರಿಗಳೂ ಯಂತ್ರಗಳೂ ಹೂತುಹೋದುವು. ಒಬ್ಬನಾದರೂ ಗಾಯಗೊಳ್ಳಲಿಲ್ಲ. ಗೋಡೆಯ ಚಲನೆಯನ್ನು ಎರಡು ತಿಂಗಳಿಂದ ಯಂತ್ರಗಳಿಂದ ಅಳೆಯುತ್ತಿದ್ದು, ಜನರನ್ನು ಮುಂಚಿತವಾಗಿ ಹೊರಕ್ಕೆ ಕರೆದುಕೊಂಡಿದ್ದರು.

ನಮ್ಮಲ್ಲಿ ಶಾಸನಕ್ಕೂ ಕೊರತೆಯಿರಲಿಲ್ಲ. 1961ರ ಲೋಹಗಣಿ ನಿಯಮಾವಳಿಯ 106ನೆಯ ನಿಯಮವು, ಗಟ್ಟಿ ನೆಲದಲ್ಲಿಯೂ ಗೋಡೆಯನ್ನು ಮೆಟ್ಟಿಲುಗಳಾಗಿ ಕಡಿಯಬೇಕು, ವಿಶೇಷ ಅನುಮತಿಯಿಲ್ಲದೆ ಮೆಟ್ಟಿಲಿನ ಎತ್ತರ 6 ಮೀಟರು ಮೀರಕೂಡದು, ಬುಡವನ್ನು ಕೊರೆದು ಮೇಲಿನದನ್ನು ತೂಗುಬಿಡಕೂಡದು ಎಂದು ವಿಧಿಸಿತು. ಆದರೆ ಗುಡ್ಡವನ್ನು ಒಂದೊಂದು ಎಕರೆಯ ತುಂಡುಗಳಾಗಿ ಗುತ್ತಿಗೆ ಕೊಟ್ಟರೆ ಆಗುವುದೇನು? ವಾಚಕರು ತಾವೇ ಲೆಕ್ಕ ಹಾಕಬಹುದು. ಒಂದು ಎಕರೆಯ ಚೌಕದ ಬದಿ ಸುಮಾರು 64 ಮೀಟರು. ಆರು ಮೀಟರು ಇಳಿದಾಗಲೊಮ್ಮೆ ನಾಲ್ಕೂ ಕಡೆ ಆರಾರು ಮೀಟರು ಬಿಟ್ಟುಕೊಂಡು ಬಂದರೆ, 36 ಮೀಟರು ಆಳ ಸೇರುವಷ್ಟರಲ್ಲಿ ಗಣಿಯ ತಳ ನಾಲ್ಕು ಮೀಟರಿನ ಕೋಣೆಯಾಗುತ್ತದೆ. ಅಷ್ಟಕ್ಕೇ ನಿಲ್ಲುವ ಗುತ್ತಿಗೆದಾರನು ಅಪರೂಪ. ಆದುದರಿಂದ ಇಷ್ಟು ಸಣ್ಣ ತುಂಡಿನಲ್ಲಿ 200, 300 ಅಡಿ ಇಳಿದ ಕುಳಿಯನ್ನು ಎಲ್ಲಿ ಕಂಡರೂ, ಅಲ್ಲಿ ಮೆಟ್ಟಿಲುಗಳನ್ನು ತಿಂದುಹಾಕಿಯೇ ಇಳಿದಿದ್ದಾರೆಂದು ತಿಳಿಯಲು ತನಿಖಾ ಸಮಿತಿ ಬೇಕಿಲ್ಲ. ಕುಳಿಯನ್ನು ನೋಡದೆ ರಾಜಧನದ ರಶೀದಿಯನ್ನು ಮಾತ್ರ ಬರೆಯುತ್ತಿದ್ದವರಿಗೂ ಈ ಲೆಕ್ಕ ತಿಳಿಯದ ವಿಷಯವೇನಲ್ಲ.

ಮೆಟ್ಟಿಲು ಬಿಟ್ಟರೆ ಕಲ್ಲು ನಷ್ಟ, ಕಲ್ಲಿನ ಬೆಲೆ ಏರುತ್ತದೆ, ರಸ್ತೆ ಕಟ್ಟಡಗಳಿಗೆ ಜಲ್ಲಿ ಸಿಕ್ಕುವುದಿಲ್ಲವೆಂಬ ಗಣಿಯೊಡೆಯರ ವಾದ ಪೂರ್ಣ ಸುಳ್ಳಲ್ಲ. ಬೆಲೆ ಏರಲಿ. ಈಗಿನ ಅಗ್ಗದ ಬೆಲೆಯ ಉಳಿದ ಪಾಲನ್ನು ಮಡಿದವನ ಮನೆಯವರು ತೆರುತ್ತಿದ್ದಾರೆ. ಅಲ್ಲದೆ ಅಕ್ಕಪಕ್ಕದ ತುಂಡುಗಳನ್ನು ಒಂದುಗೂಡಿಸಿ ಇಡೀ ಗುಡ್ಡವನ್ನು ನೆತ್ತಿಯಿಂದ ಕೆಳಕ್ಕೆ ಒಂದೇ ಯೋಜನೆಯಲ್ಲಿ ಕಡಿದರೆ, ತುಂಡುಗಳ ನಡುವಣ ಗೋಡೆಗಳೇ ಇಲ್ಲವಾಗಿ ಕಲ್ಲೂ ಉಳಿಯುತ್ತದೆ.

1988ರಲ್ಲಿ ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾಬಲ ವಿಜ್ಞಾನ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇದೆ. ಗಣಿಯ ಇಳಿಜಾರುಗಳ ಪರೀಕ್ಷೆ ಅದರ ವೃತ್ತಿಯೇ ಆಗಿದೆ. ಗುತ್ತಿಗೆಯ ಪತ್ರಕ್ಕೆ ರುಜು ಬೀಳುವ ಮೊದಲು ಇಂಥ ಬಲ್ಲವರಿಂದ ಸಂದುಗಳ ನಕ್ಷೆಯೊಂದನ್ನು ಬರೆಯಿಸಿ, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅದನ್ನು ತಿದ್ದಿಸಿ, ಗಣಿಯ ಬಾಗಿಲಲ್ಲಿ ಕನ್ನಡದಲ್ಲಿಯೂ ಕೂಲಿಕಾರರ ಭಾಷೆಯಲ್ಲಿಯೂ ತೂಗುಹಾಕಿಸಬೇಕೆಂದು ಗಣಿ ಇಲಾಖೆಯವರನ್ನು ನಾವು ಕೇಳುತ್ತೇವೆ. ಜಾರುವ ಮುಖವಾವುದೆಂದು ಅದರ ಕೆಳಗೆ ಕುಳಿ ಕೊರೆಯುವವನಿಗೆ ಮೊದಲು ತಿಳಿದಿರಲಿ.