ಯಲಹಂಕ: ಬಡಾವಣೆಯಾದ ತವರೂರು

ನಗರ ಮೊದಲು, ಉಪನಗರ ಅನಂತರ. ಇದು ಲೋಕದ ವಾಡಿಕೆ. ಯಲಹಂಕದ ಮಟ್ಟಿಗೆ ಈ ವಾಡಿಕೆ ತಲೆಕೆಳಗಾಗಿದೆ. ಬೆಂಗಳೂರಿನ ನಡುಭಾಗದಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಈ ಊರು ಕೋಟೆಯ ಬೆಂಗಳೂರಿಗಿಂತ ಹಿರಿದು. ಹಳೆಯ ತಮಿಳು ಶಾಸನಗಳಲ್ಲಿ ‘ಇಲೈಪಾಕ್ಕ’ವೆಂದು ಕಾಣಿಸಿಕೊಳ್ಳುವ ಈ ನಾಡಿನ ಪ್ರಭುಗಳ ಮನೆತನದಲ್ಲಿ ಹುಟ್ಟಿದ ಕೆಂಪೇಗೌಡನೇ 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದನು. ಇಂದು ತವರೂರೇ ಮಗಳ ಮನೆಯ ಹಿತ್ತಿಲಾಗಿದೆ.

ಈ ಮಾರ್ಪಾಟು ಒಂದೇ ದಿನದಲ್ಲಿ ಆದುದಲ್ಲ. 1963ರಲ್ಲಿ ವಾಯುಪಡೆಯ ನೆಲೆ ಬಂದಿತು. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ. ಅದೇ ದಶಕದಲ್ಲಿ ಗೃಹಮಂಡಳಿಯ ಉಪನಗರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆದ್ದಾರಿಯ ಇಕ್ಕೆಲದ ನೆಲ ಚಿನ್ನವಾಯಿತು. ಇವುಗಳಿಂದ ಸಹಸ್ರಾರು ಕುಟುಂಬಗಳಿಗೆ ಅನ್ನವೂ ಆಸರೆಯೂ ದೊರೆತಿವೆ. ಆದುದರಿಂದ ಈ ಬೆಳವಣಿಗೆಯನ್ನೇ ಹಳಿಯುವವರ ಗುಂಪಿಗೆ ನಾನು ಸೇರಿದವನಲ್ಲ.

ನನ್ನ ಆತಂಕವೇ ಬೇರೆ. 2007ರಲ್ಲಿ ಯಲಹಂಕದ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. ನಗರಸಭೆಯ ಆಡಳಿತ ನಿರ್ದೋಷವಾಗಿತ್ತೆಂದು ಯಾರೂ ಹೇಳಲಾರರು. ಆದರೆ ಊರಿನ ಕಷ್ಟವನ್ನು ಊರಿನಲ್ಲಿಯೇ ಕೇಳುವ ಒಂದು ಬಾಗಿಲಿದ್ದಿತು. ಅದು ಮುಚ್ಚಿತು.

ಇದರ ಫಲವನ್ನು ಕೆರೆ ನೋಡಿ ಅರಿಯಬಹುದು. ಯಲಹಂಕದ ಕೆರೆ ಕೋಡಿ ಹರಿದರೆ ನೀರು ಕೆಳಗಿನ ಜಕ್ಕೂರು ಕೆರೆಗೆ ಸೇರಬೇಕು. ಕೆರೆಗಳನ್ನು ಸರಪಣಿಯಂತೆ ಕಟ್ಟಿದ ಹಿರಿಯರ ಲೆಕ್ಕಾಚಾರವಿದು. ನಡುವಣ ಕಾಲುವೆ ಇಕ್ಕಟ್ಟಾದರೆ ನೀರು ಸುಮ್ಮನೆ ನಿಂತೀತೆ? 2021ರ ನವೆಂಬರಿನಲ್ಲಿ, ಮರಳಿ 2024ರ ಅಕ್ಟೋಬರಿನಲ್ಲಿ, ಅದು ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯಕ್ಕೆ ನುಗ್ಗಿತು. ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ತೂಬು, ಕೋಡಿ, ಕಾಲುವೆಗಳನ್ನು ಕಣ್ಣಿಟ್ಟು ಕಾಯುತ್ತಿದ್ದ ನೀರಗಂಟಿಯ ಕೆಲಸವನ್ನು ಯಾವ ಕಚೇರಿಯ ಕಡತವೂ ಮಾಡಲಾರದು.

2025ರಲ್ಲಿ ಆ ಮಹಾನಗರ ಪಾಲಿಕೆಯನ್ನೇ ಐದಾಗಿ ಒಡೆದರು. ಯಲಹಂಕವು ಬೆಂಗಳೂರು ಉತ್ತರ ನಗರ ಪಾಲಿಕೆಯ ಪಾಲಿಗೆ ಬಂದಿತು. ಕಚೇರಿ ಒಂದಿಷ್ಟು ಸಮೀಪವಾದುದು ಸಂತೋಷವೇ. ಆದರೆ ಫಲಕ ಬದಲಾದ ಮಾತ್ರಕ್ಕೆ ಕಾಲುವೆ ಅಗಲವಾಗದು. ತನ್ನ ಕೆರೆಯ ಕೋಡಿಯ ಬಗೆಗೆ ಮಾತನಾಡುವ ಹಕ್ಕು ಊರಿನವರಿಗೆ ಮರಳಿ ಬಂದರೆ ಈ ವಿಭಜನೆ ಸಾರ್ಥಕ. ಇಲ್ಲವಾದರೆ ಒಂದು ಮಹಾನಗರದ ಮರೆವನ್ನು ಐದು ಪಾಲು ಮಾಡಿ ಹಂಚಿದಂತೆ ಆದೀತು.